ದಿಶಾಂಕ್ ಹಿಡಿದು ಶಿರಸಿಯಲ್ಲಿ ಸೈಟ್ ಹುಡುಕಿದ ಎಂಟು ತಿಂಗಳು

ಶಿರಸಿ ಸುತ್ತ ಸೈಟ್ ತಗೊಳ್ತೇನೆ ಎಂದರೆ ಯಾರೂ ಮೊದಲು ರೇಟ್ ಕೇಳುವುದಿಲ್ಲ. ‘ಮಾಲ್ಕಿಯೋ, ಅತಿಕ್ರಮಣವೋ?’, ಅಂದರೆ ಸ್ವಂತ ಹೆಸರಿನ ಜಾಗವೋ ಇಲ್ಲ ಸರ್ಕಾರದ್ದನ್ನು ಒತ್ತಿಕೊಂಡದ್ದೋ, ಎಂದು ಕೇಳುತ್ತಾರೆ. ಅದಾದ ಮೇಲೆ ‘ಎನ್‌ಎ ಆಗಿದ್ಯಾ?’, ಅಂದರೆ ಕೃಷಿ ಜಮೀನು ಕೃಷಿಯೇತರಕ್ಕೆ ಬದಲಾಗಿದೆಯಾ, ಎನ್ನುತ್ತಾರೆ. ಹಳಬರಾದರೆ ಅದನ್ನೇ ‘ಬಿನ್‌ಶೇತ್ಕಿ ಆಗಿದ್ಯಾ?’ ಅನ್ನುತ್ತಾರೆ, ಮುಂಬಯಿ ಪ್ರಾಂತ್ಯದ ಕಾಲದ ಮಾತು ಅದು. ಈ ಎರಡೂ ಪ್ರಶ್ನೆಗೆ ಉತ್ತರ ಮೊದಲೆಲ್ಲ ಏಜೆಂಟರ ಬಾಯಲ್ಲೇ ಇರುತ್ತಿತ್ತು. ಈಗ ಅರ್ಧ ಉತ್ತರ ನಮ್ಮ ಫೋನಿನಲ್ಲೇ, ದಿಶಾಂಕ್ ಎಂಬ ಆ್ಯಪಿನಲ್ಲಿ ಇದೆ. ಆ ಅರ್ಧದ ಬಗ್ಗೆಯೂ, ಉಳಿದರ್ಧದ ಬಗ್ಗೆಯೂ ಬರೆಯುತ್ತೇನೆ.

ನನ್ನದು ಶಿರಸಿ ಪೇಟೆಯಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ. ನಮ್ಮನೆಯವರು ಬಸ್ ಡ್ರೈವರ್, ಕುಮಟಾ ಮೇಲೆ ಕಾರವಾರಕ್ಕೆ ಹೋಗುವ ರೂಟು. 14 ವರ್ಷದಿಂದ ಬಾಡಿಗೆ ಮನೆ. ಅತ್ತೆ ಮಾತ್ರ ಊರಲ್ಲೇ ಇದ್ದಾರೆ, ಪೇಟೆಯಿಂದ ಆರು ಕಿಲೋಮೀಟರ್. ನಮ್ಮ ಮತ ಕೂಡ ಇನ್ನೂ ಅದೇ ಪಂಚಾಯ್ತಿಯಲ್ಲಿದೆ. ಕೂಡಿಟ್ಟ ದುಡ್ಡಿಗೆ ಒಂದು 30‍‍–40 ಅಡಿ ಅಳತೆಯ ಸೈಟ್ ತಗೊಳ್ಳೋಣ ಎಂದು ಕಳೆದ ನವೆಂಬರಿನಲ್ಲಿ ಹುಡುಕಲು ಶುರು ಮಾಡಿದೆವು.

ದಿಶಾಂಕ್ ಆ್ಯಪ್ ಹೇಳಿಕೊಟ್ಟವನು ನನ್ನ ಅಂಗಡಿಗೆ ಬಟ್ಟೆ ತರುವ ಡಿಪ್ಲೊಮಾ ಹುಡುಗ. ಇದನ್ನು ಮಾಡಿದ್ದು ಸರ್ಕಾರದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೂ ಇದೆ. ಜಾಗದ ಮೇಲೆ ನಿಂತು ತೆರೆದರೆ ನಾವು ನಿಂತ ಕಡೆ ಒಂದು ಚುಕ್ಕಿ ಬರುತ್ತದೆ. ಅಲ್ಲಿ ಬೆರಳಿಟ್ಟರೆ ಸರ್ವೆ ನಂಬರ್, ಊರು, ಹೋಬಳಿ, ತಾಲ್ಲೂಕು ಕಾಣಿಸುತ್ತದೆ. ಇನ್ನೂ ಒಳಗೆ ಹೋಗಿ ಸರ್ವೆ ನಂಬರಿನ ಒಳಭಾಗಗಳಾದ ಸರ್ನೋಕ್ ಮತ್ತು ಹಿಸ್ಸಾ ಆರಿಸಿದರೆ ಜಾಗ ಯಾರ ಹೆಸರಲ್ಲಿದೆ, ಎಷ್ಟಿದೆ ಎಂದು ತೋರಿಸುತ್ತದೆ. ಸರ್ನೋಕ್ ಎಂಬಲ್ಲಿ ಹೆಚ್ಚಾಗಿ ಒಂದು ನಕ್ಷತ್ರದ ಗುರುತು ಮಾತ್ರ ಇರುತ್ತದೆ. ಗಾಬರಿಯಾಗಬೇಡಿ, ಅದನ್ನೇ ಒತ್ತಿ. ಮೊದಲ ಸಲ ನಾನು ಅಲ್ಲೇ ನಿಂತುಬಿಟ್ಟಿದ್ದೆ.

ಮೊದಲು ನೋಡಿದ್ದು ಗುಡ್ಡದ ಮೇಲಿನ ಜಾಗ. ಜೆಸಿಬಿ ಹಚ್ಚಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಗಾಳಿ ಚೆನ್ನಾಗಿ ಬರುತ್ತಿತ್ತು, ರೇಟೂ ಕಡಿಮೆ. ‘ಎಲ್ಲಾ ಕ್ಲಿಯರ್ ಇದೆ ಅಕ್ಕಾ’ ಅಂದರು ತೋರಿಸಲು ಬಂದವರು. ನಾನು ಮಾತಾಡುತ್ತಲೇ ಫೋನ್ ತೆಗೆದು ಸರ್ವೆ ನಂಬರ್ ಬರೆದುಕೊಂಡೆ. ಮನೆಗೆ ಬಂದು ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆದರೆ ಮಾಲೀಕರ ಕಾಲಮ್ಮಿನಲ್ಲಿ ಸರ್ಕಾರ ಎಂದಿತ್ತು. ಅದು ಸೊಪ್ಪಿನ ಬೆಟ್ಟ.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಬ್ರಿಟಿಷರ ಕಾಲದಿಂದಲೂ ಕಾಡಿನ ಪಾಲು ಬಿಟ್ಟುಕೊಟ್ಟಿದ್ದಾರೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ, ಕೆಳಗೆ 4 ಎಕರೆವರೆಗೆ. ಸೊಪ್ಪು ಕಡಿಯುವ ಹಕ್ಕು ತೋಟದವರದು, ನೆಲ ಅವರದಲ್ಲ. ಅದನ್ನು ಸೈಟ್ ಮಾಡಿ ಮಾರುವ ಹಾಗೇ ಇಲ್ಲ. ಅರಣ್ಯ ಅತಿಕ್ರಮಣದ ಜಾಗವೂ ಹಾಗೇ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದರೂ ಅದು ಮಕ್ಕಳಿಗೆ ಬರುತ್ತದೆ, ಆದರೆ ಮಾರಲು ಬರುವುದಿಲ್ಲ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದನ್ನು ತೋರಿಸಬೇಕು. ನಿನ್ನೆ ಮೊನ್ನೆ ದುಡ್ಡು ಕೊಟ್ಟು ತಗೊಂಡ ನಾವು ಏನು ತೋರಿಸೋಣ? ಬರೀ ಹತ್ತು ನಿಮಿಷದಲ್ಲಿ ಆ್ಯಪು, ಪಹಣಿ ಎರಡೂ ಸೇರಿ ನಮ್ಮ ದುಡ್ಡು ಉಳಿಸಿದವು. ಅದೊಂದಕ್ಕೇ ನಾನು ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ.

ನಮ್ಮನೆಯವರಿಗೆ ಆ ಜಾಗ ಕಂಡ ದಿನವೇ ಮನಸ್ಸಾಗಿರಲಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದು ಅಷ್ಟು ಜೀವ ಹೋಯಿತಲ್ಲ, ಅವರು ದಿನಾ ಅದೇ ದಾರಿಯಲ್ಲಿ ಬಸ್ ಓಡಿಸುವವರು. ಕಡಿದ ಗುಡ್ಡ ಕಂಡರೆ ಈಗಲೂ ಸುಮ್ಮನಾಗುತ್ತಾರೆ.

ಎರಡನೆಯ ಜಾಗದ ಕತೆಯೇ ಈ ಬರಹಕ್ಕೆ ಕಾರಣ. ಅದು ನಮ್ಮದೇ ಪಂಚಾಯ್ತಿಯ ಒಂದು ಗದ್ದೆ. ಫೆಬ್ರವರಿಯಲ್ಲಿ ಹೋಗಿದ್ದೆವು. ನೆಲ ಒಣಗಿ ಬಿರುಕು ಬಿಟ್ಟಿತ್ತು, ಅರ್ಧ ಭಾಗಕ್ಕೆ ಕೆಂಪು ಮಣ್ಣು ತುಂಬಿ ಮಟ್ಟ ಮಾಡಿದ್ದರು. ಚಿರೆಕಲ್ಲಿನ ಗೇಟ್ ಕೂಡ ಎದ್ದಿತ್ತು. ದಿಶಾಂಕಿನಲ್ಲಿ ಸರ್ವೆ ನಂಬರ್ ಸರಿಯಾಗಿ ಬಂತು. ಪಹಣಿಯ 9ನೇ ಕಾಲಮ್ಮಿನಲ್ಲಿ ಮಾರುವವರ ಹೆಸರೇ ಇತ್ತು. 11ನೇ ಕಾಲಮ್ಮಿನಲ್ಲಿ ಸೊಸೈಟಿ ಸಾಲ ತೀರಿದ್ದೂ ಇತ್ತು. ಮಾಲ್ಕಿ ಜಾಗ, ಸಂಶಯವೇ ಇಲ್ಲ. ನಾವು ಅಡ್ವಾನ್ಸ್ ಕೊಡುವವರೆಗೆ ಬಂದಿದ್ದೆವು.

ಆಗ ಅತ್ತೆ ಒಂದು ಮಾತು ಕೇಳಿದರು. ‘ಅಲ್ಲೊಂದು ಹಳ್ಳ ಇತ್ತಲ್ಲ, ಅದು ಎಲ್ಲಿ ಹೋಯ್ತು?’

ನನಗೆ ಹಳ್ಳ ಕಂಡಿರಲಿಲ್ಲ. ಆ್ಯಪಿನ ಉಪಗ್ರಹದ ಚಿತ್ರದಲ್ಲೂ ಬರೀ ಮಣ್ಣು. ಆದರೆ ಪಹಣಿಯನ್ನು ಇನ್ನೊಂದು ಸಲ ಓದಿದೆ. 3ನೇ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬ್’ ಎಂದು ಎರಡು ಸಾಲು ಇರುತ್ತದೆ, ಅ ಮತ್ತು ಬ. ಇದನ್ನು ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ. ‘ಅ’ ಖರಾಬ್ ಅಂದರೆ ಬೇಸಾಯಕ್ಕೆ ಬಾರದ ಜಾಗ. ‘ಬ’ ಖರಾಬ್ ಅಂದರೆ ದಾರಿ, ಹಳ್ಳ, ಹೀಗೆ ಎಲ್ಲರಿಗೂ ಸೇರಿದ್ದು. ಅದು ಮಾಲೀಕರ ಪಹಣಿಯೊಳಗೆ ಇದ್ದರೂ ಅವರದಲ್ಲ. ಈ ಪಹಣಿಯ ‘ಬ’ ಸಾಲಿನಲ್ಲಿ 4 ಗುಂಟೆ ಇತ್ತು. ಒಂದು ಗುಂಟೆಗೆ 1089 ಚದರ ಅಡಿ. ಅಂದರೆ ಮೂರೂವರೆ ಸೈಟಿಗಿಂತ ಜಾಸ್ತಿ ನೆಲ.

ಮಾರನೇ ದಿನ ಸರ್ವೆ ಇಲಾಖೆಯ ವೆಬ್‌ಸೈಟಿನಿಂದ ಊರಿನ ಗ್ರಾಮ ನಕ್ಷೆ ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿದೆ. ಇದೂ ಯಾರು ಬೇಕಾದರೂ ತೆಗೆಯಬಹುದು. ಕೈಬರಹದ ಅಂಕಿಗಳು, ಸಣ್ಣ ಸಣ್ಣ ಗೆರೆಗಳು. ಮೇಲಿನ ಬೆಟ್ಟದಿಂದ ಒಂದು ಜೋಡಿ ಗೆರೆ ಬಳುಕುತ್ತಾ ಇಳಿದು, ತೋಟದ ಬದಿಯಿಂದ ಬಂದು, ನಾವು ಸೈಟ್ ತಗೊಳ್ಳಬೇಕೆಂದಿದ್ದ ಗದ್ದೆಯ ನಟ್ಟನಡುವೆ ಹಾದು ಹೋಗಿತ್ತು. ಅಳತೆ ಮಾಡಿದವರು ಹಳ್ಳವನ್ನು ಬಿಟ್ಟಿರಲಿಲ್ಲ. ಮಣ್ಣು ತುಂಬಿದವರು ಬಿಟ್ಟಿದ್ದರು.

ಗದ್ದೆ ಅಂದರೆ ಖಾಲಿ ಜಾಗವಲ್ಲ. ನಮ್ಮ ಕಡೆ ಮೇಲೆ ಬೆಟ್ಟ, ಕೆಳಗೆ ತೋಟ, ಅದರ ಕೆಳಗೆ ಗದ್ದೆ. ಮಳೆಗಾಲದಲ್ಲಿ ಬೆಟ್ಟದ ನೀರು ಗದ್ದೆಯ ಬದುಗಳ ನಡುವೆ ನಿಂತು ನಿಧಾನ ಇಂಗುತ್ತದೆ. ಅತ್ತೆ ಮನೆ ಬಾವಿ ಏಪ್ರಿಲ್‌ನಲ್ಲೂ ಬತ್ತದೇ ಇರುವುದು ಅದರಿಂದಲೇ. ಒಂದು ಗದ್ದೆಗೆ ಐದು ಅಡಿ ಮಣ್ಣು ಬಿದ್ದರೆ ನೀರು ಪಕ್ಕದವರ ಗದ್ದೆಗೆ ನುಗ್ಗುತ್ತದೆ. ಅವರು ಎರಡು ವರ್ಷ ಬೆಳೆ ಕಳೆದುಕೊಂಡು, ಮೂರನೇ ವರ್ಷ ತಾವೂ ಸೈಟ್ ಮಾಡಲು ಕೊಡುತ್ತಾರೆ. ಬನವಾಸಿ ರಸ್ತೆ, ಹುಬ್ಬಳ್ಳಿ ರಸ್ತೆ ಎಂದು ಪೇಟೆ ಬೆಳೆಯುತ್ತಲೇ ಇರುವಾಗ ಒಂದೊಂದೇ ಗದ್ದೆ ಹೀಗೇ ಹೋಗುವುದು.

ಉಳಿದರ್ಧ ಎಂದು ನಾನು ಹೇಳಿದ್ದು ಇದನ್ನೇ. ದಿಶಾಂಕ್ ‘ಇದು ಯಾರದು’ ಎಂದು ಚೆನ್ನಾಗಿ ಹೇಳುತ್ತದೆ. ‘ಇಲ್ಲಿ ಮನೆ ಕಟ್ಟಬಹುದೇ’ ಎಂಬುದಕ್ಕೆ ಬೇರೆ ಬಾಗಿಲು ತಟ್ಟಬೇಕು. ಆ್ಯಪಿನ ಗೆರೆಯನ್ನು ಬೇಲಿ ಹಾಕಲು ನಂಬಬಾರದು, ಫೋನಿನ ಚುಕ್ಕಿ ನಾಲ್ಕಾರು ಮೀಟರ್ ಆಚೀಚೆ ಆಗುತ್ತದೆ. ಗಡಿಗೆ ಸರ್ವೆ ಇಲಾಖೆಯ ಮೋಜಿಣಿಯಲ್ಲಿ ಅರ್ಜಿ ಹಾಕಿ ಸರ್ವೆಯರ್ ಕರೆಸಿ ಹದ್ದುಬಸ್ತು ಮಾಡಿಸಬೇಕು. ಕೃಷಿ ಜಮೀನನ್ನು ಮನೆಗೆ ಬದಲಾಯಿಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಅನುಮತಿ ಬೇಕು, ಅದು ಜಿಲ್ಲಾಧಿಕಾರಿಗಳದು. ಅರ್ಜಿ ಈಗ ಆನ್‌ಲೈನ್. ಹಿಂದಿನ ಹಾಗೆ ಪ್ರತಿ ಸಲ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಅಲೆಯಬೇಕಿಲ್ಲ, ಇದು ನಿಜಕ್ಕೂ ದೊಡ್ಡ ಉಪಕಾರ. ಲೇಔಟ್ ಆದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯವರ ಒಪ್ಪಿಗೆ ಬೇಕು, ರಸ್ತೆಗೆ ಪಾರ್ಕಿಗೆ ಜಾಗ ಬಿಟ್ಟಿರಬೇಕು. ಪಂಚಾಯ್ತಿಯಲ್ಲಿ ಆಸ್ತಿ ದಾಖಲೆ ಕೊಡುವ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಒಪ್ಪಿಗೆಯಿಲ್ಲದ ಜಾಗಕ್ಕೆ ಕೊಡುವ 11ಬಿ ತೋರಿಸಿ ‘ಎರಡೂ ಒಂದೇ’ ಎಂದರೆ ನಂಬಬೇಡಿ. ನಮಗೆ ತೋರಿಸಿದ್ದೂ ಅದನ್ನೇ.

ಇನ್ನೊಂದು ಕಾಗದವನ್ನು ನಾವ್ಯಾರೂ ನೋಡುವುದೇ ಇಲ್ಲ. ಪೇಟೆ ಮತ್ತು ಸುತ್ತಲಿನ ಹಳ್ಳಿ ಸೇರಿಸಿ ಮಾಸ್ಟರ್ ಪ್ಲಾನ್ ಮಾಡುತ್ತಾರಲ್ಲ, ಅದರ ನಕ್ಷೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಅದನ್ನು ಗಟ್ಟಿ ಮಾಡುವ ಮೊದಲು ಜನರ ಮುಂದಿಟ್ಟು ಆಕ್ಷೇಪ ಕೇಳಲೇಬೇಕು. ಹಳದಿ ಬಳಿದರೆ ವಸತಿ, ನೀಲಿ ವ್ಯಾಪಾರ, ತಿಳಿ ಹಸಿರು ಕೃಷಿ. ಗದ್ದೆಯ ಮೇಲೆ ಒಮ್ಮೆ ಹಳದಿ ಬಿತ್ತು ಅಂದರೆ ಆಮೇಲೆ ಹಳ್ಳ ಹುಡುಕಿ ಪ್ರಯೋಜನವಿಲ್ಲ. ಆ ಪ್ರಕಟಣೆ ಪೇಪರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಾಟಿ ಸಮಯದಲ್ಲಿ ಬಂದರೆ ಗದ್ದೆಯವರು ಓದುತ್ತಾರಾ?

ನನ್ನ ತವರು ಅಘನಾಶಿನಿ ನದಿಯ ದಂಡೆ, ಕುಮಟಾ ತಾಲ್ಲೂಕು. ಅಲ್ಲೂ ತಮ್ಮನಿಗೆ ಇದೇ ಆ್ಯಪ್ ಹಾಕಿಕೊಟ್ಟೆ. ಅಲ್ಲಿ ಗಜನಿ ಗದ್ದೆಗಳಿವೆ, ಉಪ್ಪುನೀರು ಬಂದರೂ ಬೆಳೆಯುವ ಕಗ್ಗ ಭತ್ತ ಹಾಕುವ ಗದ್ದೆ. ಕರಾವಳಿಯವರು ಒಂದು ಹೆಜ್ಜೆ ಜಾಸ್ತಿ ಇಡಬೇಕು, ಅಷ್ಟೇ. ಸಮುದ್ರದ ಉಬ್ಬರದ ನೀರು ಮುಟ್ಟುವ ಗೆರೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವಿದೆ, ಉಬ್ಬರದ ನೀರು ಬರುವ ನದಿ ಅಳಿವೆಗಳ ದಂಡೆಗೂ ಇದೆ. ಪಹಣಿ ಎಷ್ಟೇ ಚೊಕ್ಕ ಇದ್ದರೂ ಆ ನಕ್ಷೆಯನ್ನು ಬೇರೆಯಾಗಿ ನೋಡಲೇಬೇಕು.

ಎರಡನೆಯ ಜಾಗವನ್ನು ನಾವು ಬಿಟ್ಟೆವು. ಬಿಟ್ಟು ಸುಮ್ನೆ ಇರಲು ಮನಸ್ಸಾಗಲಿಲ್ಲ. ನಮಗಲ್ಲದಿದ್ದರೆ ಇನ್ನೊಬ್ಬರಿಗೆ ಮಾರುತ್ತಾರೆ, ಅವರ ಮನೆಯೊಳಗೆ ಜುಲೈಯಲ್ಲಿ ಹಳ್ಳ ಬರುತ್ತದೆ. ಏಪ್ರಿಲ್‌ನಲ್ಲಿ ಗ್ರಾಮಸಭೆ ಇತ್ತು. ನಮ್ಮನೆಯವರಿಗೆ ಡ್ಯೂಟಿ. ಅತ್ತೆಯನ್ನು ಕರೆದುಕೊಂಡು ನಾನೇ ಹೋದೆ, ಗ್ರಾಮ ನಕ್ಷೆಯ ಪ್ರಿಂಟ್ ಸುತ್ತಿಕೊಂಡು. ಅವತ್ತು ಬೀದಿದೀಪ, ಚರಂಡಿ, ಉದ್ಯೋಗ ಖಾತ್ರಿ ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ. ಆಮೇಲೆ ನಾನು ಎದ್ದು ನಿಂತೆ. ಕೈ ನಡುಗುತ್ತಿತ್ತು. ನಕ್ಷೆಯನ್ನು ಶಾಲೆಯ ಕರಿಹಲಗೆಗೆ ಅಂಟಿಸಿ, ಫೋನಿನಲ್ಲಿ ದಿಶಾಂಕ್ ತೆರೆದು ಅದೇ ಸರ್ವೆ ನಂಬರನ್ನು ಮುಂದಿನ ಸಾಲಿನವರಿಗೆ ತೋರಿಸಿದೆ. ‘ಇಲ್ಲಿ ಹಳ್ಳ ಇದೆ, ಇಲ್ಲಿ ಮಣ್ಣು ಇದೆ’ ಅಂದೆ. ಅಷ್ಟೇ ಹೇಳಲಾಗಿದ್ದು.

ಹಿಂದಿನ ಬೆಂಚಿನಿಂದ ಒಬ್ಬ ಅಜ್ಜ ಎದ್ದು ಬಂದರು. ಕನ್ನಡಕ ಸರಿ ಮಾಡಿಕೊಂಡು, ಬೆರಳಿನಿಂದ ಆ ಜೋಡಿ ಗೆರೆಯನ್ನು ಬೆಟ್ಟದಿಂದ ಕೆಳಗಿನವರೆಗೆ ಎಳೆದರು. ‘ಇಲ್ಲಿ ಕಟ್ಟು ಹಾಕ್ತಿದ್ವಿ. ಇಲ್ಲಿ ಎಮ್ಮೆ ಮೈ ತೊಳೀತಿದ್ವಿ’ ಎಂದರು. ಆಮೇಲೆ ಮಾತಾಡಲು ನನ್ನ ಅಗತ್ಯವೇ ಬೀಳಲಿಲ್ಲ. ಕೆಳಗಿನ ಗದ್ದೆಯ ಮೂವರು ಹೆಂಗಸರು ಹೋದ ವರ್ಷ ತಮ್ಮ ನಾಟಿ ಕೊಚ್ಚಿಹೋದದ್ದನ್ನು ಹೇಳಿದರು. ಊರಿನ ಎಲ್ಲ ‘ಬ’ ಖರಾಬ್ ಹಳ್ಳಗಳನ್ನು ಅಳೆದು ಕಲ್ಲು ನೆಡಬೇಕೆಂದು ತಹಶೀಲ್ದಾರರಿಗೆ ಬರೆಯಲು ಸಭೆ ಠರಾವು ಮಾಡಿತು. ಪುಸ್ತಕದಲ್ಲಿ ಬರೆದದ್ದನ್ನು ಓದಿಸಿಕೊಂಡೇ ನಾನು ಹೊರಗೆ ಬಂದೆ.

ಮೂರನೆಯ ಜಾಗ ಊರ ಒಳಗೇ ಇದೆ, ಹಳೆಯ ಗಾವಠಾಣದಲ್ಲಿ, ಅಂದರೆ ಮೊದಲಿಂದಲೂ ಮನೆಗಳಿರುವ ಜಾಗದಲ್ಲಿ. ಬಿದ್ದ ಮನೆಯ ಅಡಿಪಾಯ, ಒಂದು ಗುಂಟೆ ಮೇಲೆ ಸ್ವಲ್ಪ. ರೇಟ್ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ, ರಸ್ತೆ ಇಕ್ಕಟ್ಟು. ನಮೂನೆ 9 ಇದೆ, ಗ್ರಾಮ ನಕ್ಷೆಯಲ್ಲಿ ಹಳ್ಳ ದೂರ ಇದೆ. ಮಾತು ಇನ್ನೂ ಮುಗಿದಿಲ್ಲ. ಮಾರುವವರಿಗೆ ಹೇಳಿದ್ದೇವೆ, ಈ ಜುಲೈಯಲ್ಲಿ ಮಳೆ ಹಿಡಿದ ಮೇಲೆ ಒಂದು ದಿನ ಬೆಳಿಗ್ಗೆ ಬಂದು ನಿಂತು ನೋಡುತ್ತೇವೆ, ಆಮೇಲೆ ಅಡ್ವಾನ್ಸ್. ಅವರು ಒಪ್ಪಿದ್ದಾರೆ.

ಹಳ್ಳ ಅಳೆಯಲು ಸರ್ವೆಯರ್ ಬರುವ ತಾರೀಕು ಮೊನ್ನೆ ಫೋನಿಗೆ ಬಂತು. ಆ ದಿನ ಅಂಗಡಿ ಮುಚ್ಚುತ್ತೇನೆ. ಕಟ್ಟು ಹಾಕುತ್ತಿದ್ದ ಜಾಗ ತೋರಿಸಲು ಅಜ್ಜನೂ ಬರುತ್ತಾರಂತೆ.