ಟೂರಿಗೆ ಶೂ: ಅಶೋಕ ರಸ್ತೆಯ ಅಂಗಡಿ ಮತ್ತು ನನ್ನ ಬೂದು ಬಣ್ಣದ ಜೋಡಿ

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಡಿಸೆಂಬರ್ ಬಂತೆಂದರೆ ಶಾಲೆಯ ಟೂರ್. ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ಹೆಸರು ಕೂಗುತ್ತದೆ, ವಂಡರ್‌ಲಾ. ರಾತ್ರಿ ಊಟ ಮುಗಿಸಿ ಬಸ್ ಹತ್ತಿದರೆ ಬೆಳಗ್ಗೆ ಬಿಡದಿ. ಇಡೀ ದಿನ ಪಾರ್ಕು, ಸಂಜೆ ಮತ್ತೆ ಅದೇ ಬಸ್ಸು. ಮಕ್ಕಳಾದರೂ ರೈಡ್ ಹತ್ತಿದಾಗ ಸ್ವಲ್ಪ ಹೊತ್ತು ಕೂರುತ್ತಾರೆ. ಬ್ಯಾಗು ಕಾಯುತ್ತ, ತಲೆ ಎಣಿಸುತ್ತ ನಿಂತ ಟೀಚರ್‌ಗೆ ಅದೂ ಇಲ್ಲ. ಹಾಗಾಗಿ ಶೂ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಹೋದ ಸೀಸನ್‌ಗೆ ಮುಂಚೆ ನಾನು ಕೊಂಡ ಜೋಡಿ ಬಗ್ಗೆ, ಅದನ್ನು ಕೊಟ್ಟ ಅಂಗಡಿ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾರ್ಕಿನ ಮಾತು. ವಂಡರ್‌ಲಾದ ಬೆಂಗಳೂರು ಪಾರ್ಕು 2005ರಲ್ಲಿ ಶುರುವಾಗಿದ್ದು, ಸುಮಾರು 82 ಎಕರೆ ಇದೆ. ಗೇಟಿನಿಂದ ಲಾಕರ್, ಲಾಕರ್‌ನಿಂದ ರೈಡು, ರೈಡಿನಿಂದ ಊಟದ ಜಾಗ, ಅಲ್ಲಿಂದ ನೀರಿನ ಕಡೆ, ಮತ್ತೆ ವಾಪಸ್. ಮಣ್ಣಿನ ನೆಲ ಸಿಗುವುದು ಕಡಿಮೆ, ಗಟ್ಟಿ ನೆಲವೇ ಎಲ್ಲ ಕಡೆ. ಆದರೆ ಕಾಲು ಸೋಲುವುದು ನಡೆದು ಅಂತ ನನಗೆ ಅನ್ನಿಸುವುದಿಲ್ಲ. ಕ್ಯೂನಲ್ಲಿ ನಿಂತು. ನಡೆಯುವಾಗ ಮೀನಖಂಡ ಬಿಗಿದು ಸಡಿಲಾಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ನಿಂತಲ್ಲೇ ನಿಂತರೆ ಆ ಕೆಲಸ ನಿಲ್ಲುತ್ತದೆ, ರಕ್ತ, ನೀರು ಎಲ್ಲ ಕಾಲಿಗೆ ಇಳಿದು ಪಾದ ಊದುತ್ತದೆ. ನಮ್ಮದು ರಾತ್ರಿಯೆಲ್ಲ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು ಬಂದ ಪಾದ ಬೇರೆ. ಬೆಳಗ್ಗೆ ಇಳಿಯುವಾಗಲೇ ಊದಿರುತ್ತದೆ. ಮನೆಯಲ್ಲಿ ಸರಿಯಾಗಿ ಕೂತ ಶೂ ಬಿಡದಿಯಲ್ಲಿ ಬಿಗಿಯಾಗುವುದು ಇದಕ್ಕೇ.

ಆದ್ದರಿಂದ ಶೂ ಕೊಳ್ಳಲು ಸಂಜೆ ಹೋಗಬೇಕು. ಶಾಲೆ ಬಿಟ್ಟ ಮೇಲೆ, ದಿನವಿಡೀ ಬೋರ್ಡ್ ಮುಂದೆ ನಿಂತ ಕಾಲಲ್ಲಿ. ನಾನು ಹೋಗುವ ಅಂಗಡಿ ಅಶೋಕ ರಸ್ತೆಯಲ್ಲಿದೆ. ಹಳೆಯದು, ಉದ್ದಕ್ಕೆ ಒಳಗೆ ಹೋಗುವ ಕಿರಿದಾದ ಅಂಗಡಿ, ಎರಡೂ ಕಡೆ ಸೂರಿನವರೆಗೆ ಡಬ್ಬಿಗಳು. ಮಾಲೀಕರಿಗೆ ಅರವತ್ತರ ಮೇಲಾಗಿದೆ. ಕನ್ನಡಕ ಹಣೆಗೇರಿಸಿಕೊಂಡೇ ಮಾತಾಡುತ್ತಾರೆ. ಬೇರೆ ಕಡೆ ಒಳಗೆ ಕಾಲಿಟ್ಟ ಕೂಡಲೇ "ಎಷ್ಟು ನಂಬರ್?" ಅಂತ ಕೇಳುತ್ತಾರೆ. ಇವರು "ಕೂತ್ಕೊಳ್ರಿ ಟೀಚರ್, ಎಲ್ಲಿಗೆ ಹಾಕ್ಕೊಂಡು ಹೋಗೋಕೆ?" ಅಂತ ಕೇಳಿದರು. ಆಮೇಲೆ ಹಳೆ ಕ್ಯಾಲೆಂಡರ್ ಹಾಳೆ ತಿರುವಿ ನೆಲಕ್ಕೆ ಹಾಸಿ, ಅದರ ಮೇಲೆ ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆದರು. ಕೂತಾಗಲ್ಲ, ನಿಂತಾಗಲೇ ಎಳೆಯಬೇಕಂತೆ. ಮೈಭಾರ ಬಿದ್ದಾಗ ಪಾದ ಹರಡುತ್ತದೆ. ನನ್ನ ಎಡಗಾಲು ಬಲಗಾಲಿಗಿಂತ ಸ್ವಲ್ಪ ಉದ್ದ ಅಂತ ಹಾಳೆ ನೋಡಿದಾಗ ಕಣ್ಣಿಗೇ ಕಂಡಿತು. ಬಹಳ ಜನರಿಗೆ ಹೀಗೆ ಇರುತ್ತದೆ. ದೊಡ್ಡ ಕಾಲಿಗೆ ಶೂ ತಗೋಬೇಕು, ಚಿಕ್ಕದಕ್ಕೆ ಲೇಸು ಒಂದಿಷ್ಟು ಬಿಗಿ ಮಾಡಿದರಾಯಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಪ್ರತಿ ಶೂವಿನ ಒಳಗಿನ ಇನ್‌ಸೋಲ್ ಎಳೆದು ತೆಗೆದು, ಆ ಪೆನ್ಸಿಲ್ ಗೆರೆಯ ಮೇಲೆ ಇಟ್ಟರು. ಹೆಂಗಸರ ಮಾಡೆಲ್ಲುಗಳಲ್ಲಿ ಒಂದೂ ನನ್ನ ಗೆರೆಯನ್ನು ಮುಚ್ಚಲಿಲ್ಲ. ಉದ್ದ ಸರಿ, ಕಿರುಬೆರಳ ಕಡೆ ಮಾತ್ರ ಗೆರೆ ಹೊರಗೇ ಉಳಿಯುತ್ತಿತ್ತು. ನಂಬರ್ ಒಂದು ಜಾಸ್ತಿ ಮಾಡಿದರೆ? ನಮ್ಮ ಕಡೆ ನಡೆಯುವ ಇಂಗ್ಲೆಂಡ್ ನಂಬರ್‌ನಲ್ಲಿ ಒಂದು ನಂಬರ್ ಎಂದರೆ ಹೆಚ್ಚುಕಡಿಮೆ 8.5 ಮಿಲಿಮೀಟರ್ ಉದ್ದ. ಅಗಲ ಅಷ್ಟೇನೂ ಹೆಚ್ಚುವುದಿಲ್ಲ. ಉದ್ದ ಜಾಸ್ತಿಯಾಗಿ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಜಾರುತ್ತದೆ, ಜಾರಿದರೆ ಶೂ ಕಚ್ಚುತ್ತದೆ. "ಗಂಡಸರದ್ದು 6 ನೋಡೋಣ್ರಿ" ಅಂತ ಅವರೇ ಒಂದು ಡಬ್ಬಿ ಇಳಿಸಿದರು. ಬೂದು ಬಣ್ಣ, ಬದಿಯಲ್ಲಿ ಒಂದು ಕಪ್ಪು ಪಟ್ಟಿ. ಇನ್‌ಸೋಲ್ ಇಟ್ಟರೆ ಗೆರೆ ಪೂರ್ತಿ ಒಳಗೆ ಬಂತು.

ಇದು ನನ್ನೊಬ್ಬಳ ಕಾಲಿನ ಕಥೆ ಇರಲಾರದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಯುರೋಪ್, ಅಮೆರಿಕದವರಿಗಿಂತ ನಮ್ಮವರ ಪಾದ ಅಗಲ ಅಂತ ಅದರಲ್ಲಿ ಗೊತ್ತಾಯಿತು. 'ಭಾ' ಅಂತ ಭಾರತದ್ದೇ ಒಂದು ಅಳತೆ ತರುವ ಯೋಚನೆ ಅಲ್ಲಿಂದಲೇ ಬಂದದ್ದು. ಅದು ಅಂಗಡಿ ಅಂಗಡಿಗೂ ಬರಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಚಿಕ್ಕಂದಿನಿಂದ ಚಪ್ಪಲಿಯಲ್ಲೇ ಬೆಳೆದ ಕಾಲುಗಳು ನಮ್ಮವು. ಬೆರಳು ಹರಡಿಕೊಂಡೇ ಇರುತ್ತವೆ. ಅವನ್ನು ಚೂಪು ಮೂತಿಯ ಶೂವಿನೊಳಗೆ ತುರುಕಿ ಇಡೀ ದಿನ ನಿಲ್ಲು ಅಂದರೆ ಹೇಗೆ?

ಈಗ ಮೆತ್ತಗಿನ ಶೂ ಬಗ್ಗೆ. ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ "ಆಹಾ!" ಅನ್ನಿಸುವ ಮೆಮೊರಿ ಫೋಮ್ ಶೂಗಳು ಈಗ ಎಲ್ಲ ಕಡೆ ಇವೆ. ನಮ್ಮ ಸಹೋದ್ಯೋಗಿಗಳಲ್ಲಿ ಅರ್ಧ ಜನರ ಹತ್ತಿರ ಅಂಥದೇ ಇದೆ. ಮನೆಯಿಂದ ಶಾಲೆಗೆ ಹೋಗಿ ಬರಲು ಚೆನ್ನಾಗಿಯೇ ಇರುತ್ತದೆ. ಆದರೆ ಗಂಟೆಗಟ್ಟಲೆ ಭಾರ ಬಿದ್ದರೆ ಆ ಫೋಮ್ ಕುಸಿದು ಚಪ್ಪಟೆಯಾಗುತ್ತದೆ. ಆಮೇಲೆ ಕಾಲಿಗೂ ನೆಲಕ್ಕೂ ನಡುವೆ ಏನೂ ಉಳಿಯುವುದಿಲ್ಲ. ತೀರಾ ಮೆತ್ತಗಿದ್ದರೆ ಪಾದ ಒಂದು ಕಡೆ ನಿಲ್ಲದೆ ಅಲ್ಲಾಡುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಕಣಕಾಲು ದಿನವಿಡೀ ದುಡಿಯಬೇಕು. ನನಗೆ ಬೇಕಾದದ್ದು ಒತ್ತಿದರೆ ಸ್ವಲ್ಪ ಇಳಿದು ಕೂಡಲೇ ಮೇಲೆ ಬರುವ ಸೋಲು. ನಡುವೆ ಇವಿಎ ಫೋಮ್, ನೆಲ ಮುಟ್ಟುವ ಕಡೆ ರಬ್ಬರ್.

ಮಾಲೀಕರು ಶೂ ಕೈಗೆ ಕೊಟ್ಟು "ಬಗ್ಗಿಸಿ ನೋಡ್ರಿ" ಅಂದರು. ಬೆರಳುಗಳ ಬುಡದಲ್ಲಿ, ನಮ್ಮ ಪಾದ ಎಲ್ಲಿ ಬಗ್ಗುತ್ತದೋ ಅಲ್ಲೇ ಬಗ್ಗಿತು. ನಟ್ಟನಡುವೆ ಮಡಚಿಕೊಂಡರೆ ಅದು ಬೇಡ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಸುಲಭವಾಗಿ ತಿರುಗಬಾರದು. ಹಿಂದುಗಡೆ ಹಿಮ್ಮಡಿ ಹಿಡಿಯುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು. ಇವೆಲ್ಲ ಅಂಗಡಿಯಲ್ಲೇ ನಿಂತು ಯಾರು ಬೇಕಾದರೂ ನೋಡಬಹುದು. ಕೊನೆಗೆ ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇದೆಯಾ ನೋಡಿದರು. ಇತ್ತು.

ಬೆಲೆ 1,799 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಶೂ, ಚಪ್ಪಲಿಗೆ ಜಿಎಸ್‌ಟಿ 5 ಪರ್ಸೆಂಟ್ ಆಗಿದೆ. ಮೊದಲು ಸಾವಿರ ದಾಟಿದರೆ 18 ಇತ್ತು. ಟೀಚರ್ ಸಂಬಳದವರಿಗೆ ಇದು ಸಣ್ಣ ವಿಷಯ ಅಲ್ಲ. ಮಾಡೆಲ್ ಹೆಸರು ಬರೆಯುವುದಿಲ್ಲ, ಯಾಕೆಂದರೆ ಆರು ತಿಂಗಳಲ್ಲಿ ಆ ಮಾಡೆಲ್ ಸಿಗುವುದಿಲ್ಲ, ಬೇರೆ ಹೆಸರಲ್ಲಿ ಬೇರೆ ಬಂದಿರುತ್ತದೆ. ಅದೇ ಗೋಡೆಯಲ್ಲಿ ಕ್ಯಾಂಪಸ್, ಸ್ಪಾರ್ಕ್ಸ್, ಪವರ್ ಎಲ್ಲ ಇದ್ದವು. ನಿಮ್ಮ ಪೆನ್ಸಿಲ್ ಗೆರೆಗೆ ಯಾವುದು ಕೂರುತ್ತದೋ ಅದೇ ನಿಮ್ಮ ಬ್ರಾಂಡ್.

ಹೊರಡುವಾಗ ಅವರು ಹೇಳಿದ್ದು: "ಮನೆಯೊಳಗೇ ಹಾಕ್ಕೊಂಡು ಓಡಾಡ್ರಿ. ಸೋಲಿಗೆ ಮಣ್ಣು ತಾಗದಿದ್ರೆ ಬದಲಿಸಿ ಕೊಡ್ತೀನಿ, ಬಿಲ್ ಇಟ್ಕೊಳ್ರಿ." ಎಷ್ಟು ಅಂಗಡಿಯಲ್ಲಿ ಹೀಗೆ ಹೇಳುತ್ತಾರೆ ಹೇಳಿ? ನಾನು ಅಡುಗೆಮನೆಯಲ್ಲಿ ಶೂ ಹಾಕಿಕೊಂಡು ರೊಟ್ಟಿ ತಟ್ಟಿದ್ದಕ್ಕೆ ಅವ್ವ ಎರಡು ದಿನ ಬೈದರು. "ಒಲೆ ಮುಂದೆ ಬೂಟು ಹಾಕ್ಕೊಂಡು ನಿಲ್ತಾರೇನೇ?" ಅಂತ. ಅವರ ಮಾತೂ ನಿಜವೇ. ಮೂರನೇ ದಿನದಿಂದ ನಡುಮನೆಗೆ ಬಂದೆ.

ಆಮೇಲೆ ಸಂಜೆ ಕುಂದುವಾಡ ಕೆರೆ ಏರಿ. ಅಲ್ಲಿ ಸಮತಟ್ಟಾದ ದಾರಿ, ತಂಪು ಗಾಳಿ, ಸಾಕಷ್ಟು ಜನ ವಾಕಿಂಗ್ ಬರುತ್ತಾರೆ. ಹೊಸ ಶೂ ಪಳಗಿಸಲು ಒಳ್ಳೆ ಜಾಗ. ಆದರೆ ಸಮತಟ್ಟಾದ ದಾರಿಯಲ್ಲಿ ಎಲ್ಲ ಶೂಗಳೂ ಒಳ್ಳೆಯವೇ. ನಿಜವಾದ ಪರೀಕ್ಷೆ ನಮ್ಮ ಪಕ್ಕದ ಚಿತ್ರದುರ್ಗದಲ್ಲಿದೆ. ಒಂದು ಭಾನುವಾರ ಅತ್ತಿಗೆ ಜೊತೆ ಕೋಟೆಗೆ ಹೋದೆ. ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಮೇಲಕ್ಕೆ ಹೋಗುವಾಗ ಕಾಲಡಿ ಕಲ್ಲು ಚಪ್ಪಡಿ. ಜನ ತುಳಿದು ತುಳಿದು ನುಣುಪಾಗಿವೆ. ತುಪ್ಪದ ಕೊಳದ ಬತೇರಿಗೆ ಹೋಗುವ ಕಡೆಯಂತೂ ಬಂಡೆಯಲ್ಲಿ ಕಾಲಿಡುವಷ್ಟು ಗುಳಿ ಕೊರೆದಿದ್ದಾರೆ ಅಷ್ಟೇ. ರಬ್ಬರ್ ಸೋಲು ಎಲ್ಲೂ ಜಾರಲಿಲ್ಲ. ಆದರೆ ನಾನು ಕಾಯುತ್ತಿದ್ದದ್ದು ಇಳಿಯುವ ಹೊತ್ತಿಗೆ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಶೂವಿನ ಮೂತಿಗೆ ಬಡಿಯುತ್ತದೆಯಾ? ಬಡಿಯಲಿಲ್ಲ. ಕಣಕಾಲ ಹತ್ತಿರ ಕೊನೆಯಲ್ಲಿ ಒಂದು ತೂತು ಯಾವಾಗಲೂ ಖಾಲಿ ಬಿಟ್ಟಿರುತ್ತಾರಲ್ವಾ, ಅದರಲ್ಲಿ ಲೇಸಿನಿಂದ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ, ಒಂದರೊಳಗೊಂದು ತೂರಿಸಿ ಎಳೆದು ಕಟ್ಟಿದರೆ ಹಿಮ್ಮಡಿ ಹಿಂದೆಯೇ ಕೂರುತ್ತದೆ. ಈ ಒಂದು ಕಟ್ಟಿನಿಂದ ನನ್ನ ಉಗುರುಗಳು ಉಳಿದಿವೆ. ಅತ್ತಿಗೆ ಹಾಕಿದ್ದು ಹಿಂದೆ ಪಟ್ಟಿಯಿಲ್ಲದ ಚಪ್ಪಲಿ. ಓಬವ್ವನ ಕಿಂಡಿಯ ಹತ್ತಿರ ಇಳಿಯುವಾಗ ನನ್ನ ಹೆಗಲು ಹಿಡಿದೇ ಇಳಿದರು.

ಇನ್ನು ಪಾರ್ಕಿನ ದಿನ. ಮಧ್ಯಾಹ್ನದವರೆಗೂ ಒಣ ರೈಡುಗಳು. ಗಿರಗಿರ ತಿರುಗಿಸುವ, ತಲೆಕೆಳಗೆ ಮಾಡುವ ರೈಡುಗಳಿಗೆ ಸಡಿಲ ಚಪ್ಪಲಿ ನಡೆಯುವುದಿಲ್ಲ, ಬಿಚ್ಚಿಟ್ಟು ಹತ್ತಬೇಕು. ಲೇಸು ಕಟ್ಟಿದ ಶೂಗೆ ಆ ತೊಂದರೆ ಕಡಿಮೆ. ನೀರಿನ ಕಡೆ ಹೋಗುವಾಗ ಶೂ ಲಾಕರ್‌ಗೆ. ಹೆಚ್ಚಿನವರ ಕಾಲು ಕೆಡುವುದು ಇಲ್ಲಿಂದಲೇ. ನೀರಿನಲ್ಲಿ ಎರಡು ಗಂಟೆ ನೆಂದ ಚರ್ಮ ಬೆಳ್ಳಗೆ ಸುಕ್ಕಾಗಿ ಮೆದುವಾಗಿರುತ್ತದೆ. ಅದೇ ಒದ್ದೆ ಕಾಲನ್ನು ಶೂವಿಗೆ ತುರುಕಿ ಗೇಟಿನವರೆಗೆ ನಡೆದರೆ ಗುಳ್ಳೆ ಬಂತು ಅಂತಲೇ ಲೆಕ್ಕ. ಸಣ್ಣ ಟವೆಲ್‌ನಲ್ಲಿ ಬೆರಳ ಸಂದಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಒಣಗಿದ ಎರಡನೇ ಜೊತೆ ಸಾಕ್ಸ್ ಹಾಕಿ. ಪೂರ್ತಿ ಹತ್ತಿಯ ಸಾಕ್ಸ್ ಬೇಡ. ಹತ್ತಿ ಬೆವರನ್ನು ಹೀರಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ. ಹತ್ತಿಯ ಊರಿನವಳು ಹೀಗೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಾಲಿಯೆಸ್ಟರ್, ನೈಲಾನ್ ಬೆರೆತದ್ದು ಬೇಗ ಒಣಗುತ್ತದೆ. ನನ್ನ ಶೂವಿನ ಮೇಲ್ಭಾಗ ಬಲೆಬಲೆಯ ಬಟ್ಟೆ, ಗಾಳಿ ಆಡುತ್ತದೆ. ಸಂಜೆ ಬಸ್ ಹತ್ತಿದಾಗ ಕಾಲು ದಣಿದಿತ್ತು, ನಿಜ. ಆದರೆ ಎಲ್ಲೂ ಉರಿ ಇರಲಿಲ್ಲ, ಒಂದೂ ಗುಳ್ಳೆ ಎದ್ದಿರಲಿಲ್ಲ.

ಮಕ್ಕಳ ವಿಷಯ ಹೇಳದೆ ಮುಗಿಸಲು ನನಗೆ ಮನಸ್ಸಿಲ್ಲ. ಟೂರ್ ಅಂತ ಹಿಂದಿನ ದಿನ ಹೊಸ ಶೂ ಕೊಡಿಸುತ್ತಾರೆ. ಪ್ರೀತಿಯಿಂದಲೇ ಕೊಡಿಸುತ್ತಾರೆ, ಮತ್ತೆ ಮುಂದಿನ ವರ್ಷಕ್ಕೂ ಬರಲಿ ಅಂತ ಒಂದು ನಂಬರ್ ದೊಡ್ಡದು. ಎಂಟನೇ ಕ್ಲಾಸಿನ ಹುಡುಗನೊಬ್ಬ ಮಧ್ಯಾಹ್ನ ಊಟದ ಹೊತ್ತಿಗೆ ಕುಂಟುತ್ತ ಬಂದ. ಕೂರಿಸಿ ಶೂ ಬಿಚ್ಚಿಸಿದೆ. ಹಿಮ್ಮಡಿಯ ಗುಳ್ಳೆ ಒಡೆದು, ನೀಲಿ ಸಾಕ್ಸಿನ ನೂಲು ಹಸಿ ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಒಂದೊಂದೇ ಎಳೆ ಬಿಡಿಸಿದೆ. ಅವನು ಅಳಲಿಲ್ಲ. "ಮಿಸ್, ಇನ್ನೂ ರಿಕಾಯಿಲ್ ಹತ್ತಿಲ್ಲ" ಅಂದ. ಆ ರೋಲರ್ ಕೋಸ್ಟರ್‌ಗಾಗಿ ಅವನು ವರ್ಷವಿಡೀ ಕಾದಿದ್ದ. ಪಟ್ಟಿ ಹಾಕಿ, ನನ್ನ ಬ್ಯಾಗಿನಲ್ಲಿದ್ದ ಇನ್ನೊಂದು ಜೊತೆ ಸಾಕ್ಸ್ ಹಾಕಿಸಿ, ಲೇಸು ಬಿಗಿದು ಕಟ್ಟಿ ಕಳಿಸಿದೆ. ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸ ಶೂ ಕೊಡಿಸುವುದಾದರೆ ಹದಿನೈದು ದಿನ ಮುಂಚೆ ಕೊಡಿಸಿ, ಶಾಲೆ ಬಿಟ್ಟ ಮೇಲೆ ದಿನಾ ಸ್ವಲ್ಪ ಹೊತ್ತು ಹಾಕಿಸಿ. ಆಗದಿದ್ದರೆ ದಿನಾ ಹಾಕುವ ಹಳೆಯ ಶೂನಲ್ಲೇ ಕಳಿಸಿ. ಬಿಳಿ ಕ್ಯಾನ್ವಾಸ್ ಶೂ ಮಾತ್ರ ಬೇಡ. ಸೋಲು ತೆಳು, ನೆನೆದರೆ ಸಂಜೆಯಾದರೂ ಒಣಗುವುದಿಲ್ಲ.

ನನ್ನ ಜೋಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಲೇಸು ನುಣುಪು, ಎರಡು ಗಂಟು ಹಾಕದಿದ್ದರೆ ಬಿಚ್ಚಿಕೊಳ್ಳುತ್ತದೆ. ಕೋಟೆಯಲ್ಲಿ ದೇವಸ್ಥಾನ ಸಿಕ್ಕಲ್ಲೆಲ್ಲ ಬಿಚ್ಚಿ ಕಟ್ಟಿ ಸಾಕಾಯಿತು. ಒಳಗಿನ ಇನ್‌ಸೋಲ್ ಒಮ್ಮೆ ನೆಂದ ಮೇಲೆ ಅಂಚಿನಲ್ಲಿ ಎದ್ದಿತ್ತು, ಅಂಗಡಿಯವರು ದುಡ್ಡು ತಗೊಳ್ಳದೆ ಅಂಟಿಸಿ ಕೊಟ್ಟರು. ತಿಳಿ ಬೂದು ಬಣ್ಣಕ್ಕೆ ನಮ್ಮೂರ ಧೂಳು ಬೇಗ ಕಾಣುತ್ತದೆ. ಅಂಗಡಿಯಲ್ಲಿ ಹೆಂಗಸರಿಗೆ ಅಗಲದ ಶೂ ತರಿಸುವುದಿಲ್ಲ ಅನ್ನುವುದು ನನ್ನ ದೊಡ್ಡ ದೂರು. ಗಂಡಸರದ್ದರಲ್ಲಿ 6 ನಂಬರಿಗಿಂತ ಚಿಕ್ಕದು ಅಲ್ಲಿ ಇರಲಿಲ್ಲ, ನನಗಿಂತ ಪುಟ್ಟ, ಅಗಲ ಪಾದದವರು ಏನು ಮಾಡಬೇಕು? ಅವರಿಗೆ ಇದನ್ನು ಹೇಳಿದ್ದೇನೆ. "ಕೇಳೋರು ಜಾಸ್ತಿ ಆದ್ರೆ ತರಿಸ್ತೀನ್ರಿ" ಅಂದಿದ್ದಾರೆ. ದಯವಿಟ್ಟು ನೀವೂ ಹೋಗಿ ಕೇಳಿ. ದೀಪಾವಳಿ ಮುಗಿದ ಕೂಡಲೇ ಹೋಗಿ. ಟೂರ್ ಸೀಸನ್ ಶುರುವಾದ ಮೇಲೆ 5, 6 ನಂಬರ್ ಡಬ್ಬಿಗಳು ಖಾಲಿಯಾಗಿರುತ್ತವೆ.