ರಾಯಚೂರಿನಲ್ಲಿ ಸಿಗುವ ರಿಯಾಕ್ಟರ್ ಮಾಡೆಲ್ ಕಿಟ್: ಬಣ್ಣ ತಿದ್ದಿಕೊಂಡರೆ ಒಳ್ಳೆಯದು
ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ರಾಯಚೂರಿನ ಅಂಗಡಿಯೊಂದು ಮಾರುವ ಈ ಕಿಟ್‌ನಲ್ಲಿ ವಿದಳನದ, ಅಂದರೆ ಪರಮಾಣು ಬೀಜ ಒಡೆಯುವ, ಭಾಗ ನಿಜಕ್ಕೂ ಚೆನ್ನಾಗಿದೆ. ನಿಧಾನಗತಿಯ ನ್ಯೂಟ್ರಾನ್ ನುಂಗಿದ ಯುರೇನಿಯಂ-235 ಎರಡು ಹೋಳಾಗಿ, ಎರಡೋ ಮೂರೋ ಹೊಸ ನ್ಯೂಟ್ರಾನ್ ಚಿಮ್ಮುವುದನ್ನು ಹಳದಿ ಮಣಿಗಳಲ್ಲಿ ಸ್ಪಷ್ಟವಾಗಿ ತೋರಿಸಿದ್ದಾರೆ.

ಎಡವಿರುವುದು ಭಾರಜಲದಲ್ಲಿ, ಅಂದರೆ ಸಾಮಾನ್ಯ ಹೈಡ್ರೋಜನ್ ಬದಲು ಅದರ ಭಾರವಾದ ರೂಪವಿರುವ ನೀರಿನಲ್ಲಿ. ಕೈಗಾ ಮಾದರಿ ಎಂದು ಬರೆದು, ತೊಟ್ಟಿಯ ನೀರು, ಕೊಳವೆಯ ನೀರು ಎರಡಕ್ಕೂ ಒಂದೇ ನೀಲಿ ಬಳಿದಿದ್ದಾರೆ. ಅವುಗಳ ಕೆಲಸವೇ ಬೇರೆ. ತೊಟ್ಟಿಯದು ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ, ಕುದಿಯುವ ಮಟ್ಟಕ್ಕಿಂತ ಬಹಳ ಕೆಳಗಿರುತ್ತದೆ. ಕೊಳವೆಯದು ಇಂಧನದ ಶಾಖ ಹೊತ್ತು ಸುಮಾರು 290 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತದೆ, ಭಾರೀ ಒತ್ತಡದಲ್ಲಿರುವುದರಿಂದ ಹಬೆಯಾಗದು. ಕೊಳವೆಗೆ ಕೆಂಪು ಹಚ್ಚಿಕೊಳ್ಳಿ.

ನಿಯಂತ್ರಣ ಸರಳಿನ ದಾರ ಸಡಿಲ, ಮೇಲೆತ್ತಿದ್ದು ಜಾರುತ್ತದೆ. ಇನ್ನೊಂದು ಗಂಟು ಬೇಕು. ಟರ್ಬೈನ್ ಕಡೆ ಮಾತ್ರ ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದ್ದೇ ಪದ್ಧತಿ, ಹಬೆಗೆ ಅಲ್ಲಿ ಕಲ್ಲಿದ್ದಲು, ಇಲ್ಲಿ ವಿದಳನ.