ಮೊದಲ ಕ್ಯಾಮೆರಾ ಕೊಳ್ಳುವವರು ಕಂಪನಿಯ ಹೆಸರಿಗಿಂತ ಮುಂಚೆ ಲೆನ್ಸಿನ ಬೆನ್ನು ನೋಡಿ

2020ರ ಫೆಬ್ರುವರಿಯ ಒಂದು ರಾತ್ರಿ, ಕೋಟದ ಸಮೀಪದ ನಮ್ಮೂರಿನ ದೇವಸ್ಥಾನದ ಎದುರಿನ ಗದ್ದೆಯಲ್ಲಿ ನನ್ನ ಸೋದರಮಾವ ಕೊನೆಯ ಬಾರಿಗೆ ಗೆಜ್ಜೆ ಕಟ್ಟಿದರು. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಹವ್ಯಾಸಿ ಸಂಘದಲ್ಲಿ ಬಡಗುತಿಟ್ಟಿನ ಯಕ್ಷಗಾನದ ವೇಷ ಮಾಡಿದ ಅವರು, ಮಂಡಿನೋವು ಹೆಚ್ಚಿದ ಮೇಲೆ ಇನ್ನು ಒಂದೇ ಒಂದು ಕರ್ಣ ಸಾಕು ಎಂದು ಮೊದಲೇ ಹೇಳಿದ್ದರು. ಆ ವೇಷದ ಚಿತ್ರಗಳನ್ನು ತೆಗೆಯುವುದಕ್ಕಾಗಿಯೇ ನಾನು ಹಿಂದಿನ ನವೆಂಬರಿನಲ್ಲಿ ಜೀವನದ ಮೊದಲ ಡಿಎಸ್‌ಎಲ್‌ಆರ್, ಅಂದರೆ ಲೆನ್ಸು ಬದಲಿಸಬಹುದಾದ ಕ್ಯಾಮೆರಾ ಕೊಂಡಿದ್ದೆ. ಆ ರಾತ್ರಿ ನಾನು ತೆಗೆದ ನಾಲ್ಕುನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾವನ ಕಣ್ಣು ಸ್ಪಷ್ಟವಾಗಿ ಕಾಣುವಂಥವು ಹನ್ನೊಂದು ಮಾತ್ರ. ಇದು ಏಕೆ ಹೀಗಾಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ತಪ್ಪಿನ ಅಂಚಿಗೆ ಬಂದು ನಿಂತ ಇಬ್ಬರನ್ನು ಕಳೆದ ತಿಂಗಳಷ್ಟೇ ನೋಡಿದೆ.

ಕ್ಯಾಮೆರಾ ಕೊಳ್ಳುವ ಮುನ್ನ ನಾನು ಎರಡು ತಿಂಗಳು ವಿಚಾರ ಮಾಡಿದ್ದೆ. ನನ್ನ ಹಣಕ್ಕೆ ಎಟುಕುವಂತಿದ್ದವು ಎರಡೇ: ಕ್ಯಾನನ್ 1500ಡಿ ಮತ್ತು ನಿಕಾನ್ ಡಿ3500. ಎರಡೂ 2018ರಲ್ಲಿ ಬಂದವು, ಎರಡರಲ್ಲೂ ಚಿತ್ರವನ್ನು ಗ್ರಹಿಸುವ ಸೆನ್ಸರ್ ಎಪಿಎಸ್-ಸಿ ಎಂಬ ಒಂದೇ ಅಳತೆಯದು, ಒಂದರಲ್ಲಿ 24.1 ಮೆಗಾಪಿಕ್ಸೆಲ್, ಇನ್ನೊಂದರಲ್ಲಿ 24.2. ಕಚೇರಿಯಲ್ಲಿ ಗೆಳೆಯರು ಎರಡು ಪಕ್ಷವಾದರು. ಚರ್ಮದ ಬಣ್ಣ ಕ್ಯಾನನ್‌ನಲ್ಲೇ ಚೆನ್ನ ಎಂದು ಒಬ್ಬರು, ಕತ್ತಲಲ್ಲಿ ನಿಕಾನ್‌ಗೆ ಸಾಟಿಯಿಲ್ಲ ಎಂದು ಇನ್ನೊಬ್ಬರು. ನಾನು ಕಾಗದದ ಮೇಲೆ ಅಂಕಿಗಳನ್ನು ಬರೆದು ಹೋಲಿಸಿದೆ. ಫೋಕಸ್ ಬಿಂದುಗಳು ಕ್ಯಾನನ್‌ನಲ್ಲಿ 9, ನಿಕಾನ್‌ನಲ್ಲಿ 11. ಸೆಕೆಂಡಿಗೆ ತೆಗೆಯಬಹುದಾದ ಚಿತ್ರಗಳು ಅಲ್ಲಿ 3, ಇಲ್ಲಿ 5. ಒಂದು ಬಾರಿ ಬ್ಯಾಟರಿ ತುಂಬಿಸಿದರೆ ಕಂಪನಿಗಳೇ ಹೇಳುವ ಲೆಕ್ಕದಲ್ಲಿ ಅಲ್ಲಿ 500 ಚಿತ್ರ, ಇಲ್ಲಿ 1550. ಕ್ಯಾನನ್‌ನಲ್ಲಿ ವೈಫೈ ಇತ್ತು, ನಿಕಾನ್‌ನಲ್ಲಿ ಬ್ಲೂಟೂತ್ ಮಾತ್ರ ಇತ್ತು, ಆದರೆ ರಾತ್ರಿಯಿಡೀ ಆಟ ನೋಡುವವನಿಗೆ ಬ್ಯಾಟರಿಯೇ ಮುಖ್ಯ ಎನಿಸಿತು. ಡಿ3500 ಆರಿಸಿದೆ. ಆ ಆಯ್ಕೆಯ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ, ಕ್ಯಾಮೆರಾ ಒಳ್ಳೆಯದೇ. ನಾನು ಹೋಲಿಸಿದ ಪಟ್ಟಿಯಲ್ಲಿ ಒಂದು ಸಾಲು ಇರಲೇ ಇಲ್ಲ ಎಂಬುದೇ ತೊಂದರೆಯ ಮೂಲ.

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸು ತಾನಾಗಿ ಫೋಕಸ್ ಮಾಡಬೇಕಾದರೆ ಅದರ ಗಾಜುಗಳನ್ನು ಹಿಂದೆ ಮುಂದೆ ಸರಿಸುವ ಒಂದು ಮೋಟಾರು ಬೇಕು. ಕ್ಯಾನನ್ 1987ರಲ್ಲಿ ಇಒಎಸ್ ವ್ಯವಸ್ಥೆಯನ್ನು ತಂದಾಗ ಆ ಮೋಟಾರನ್ನು ಲೆನ್ಸಿನ ಒಳಗೇ ಇಟ್ಟಿತು ಮತ್ತು ಹಳೆಯ ಮೌಂಟನ್ನು, ಅಂದರೆ ಲೆನ್ಸು ಬಂದು ಕೂರುವ ಬಳೆಯನ್ನು, ಪೂರ್ತಿ ಕೈಬಿಟ್ಟಿತು. ನಿಕಾನ್ ಹಾಗೆ ಮಾಡಲಿಲ್ಲ. 1959ರಿಂದ ಬಂದ ಎಫ್ ಮೌಂಟನ್ನೇ ಉಳಿಸಿಕೊಂಡು, ಮೊದಲಿಗೆ ಮೋಟಾರನ್ನು ಕ್ಯಾಮೆರಾ ಬಾಡಿಯಲ್ಲಿಟ್ಟು, ಮೌಂಟಿನಿಂದ ಹೊರಚಾಚುವ ಸ್ಕ್ರೂಡ್ರೈವರ್ ತುದಿಯಂಥ ಒಂದು ಸಣ್ಣ ಕಡ್ಡಿಯ ಮೂಲಕ ಲೆನ್ಸನ್ನು ತಿರುಗಿಸುವ ಏರ್ಪಾಡು ಮಾಡಿತು. ನಂತರ ಮೋಟಾರನ್ನು ಒಳಗೊಂಡ ಎಎಫ್-ಎಸ್ ಮತ್ತು ಎಎಫ್-ಪಿ ಲೆನ್ಸುಗಳು ಬಂದವು. ಆಮೇಲೆ ಬೆಲೆಯನ್ನೂ ತೂಕವನ್ನೂ ಇಳಿಸಲು ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರನ್ನೇ ಬಿಟ್ಟರು. ಡಿ7200, ಡಿ7500ರಂಥ ಮೇಲಿನ ದರ್ಜೆಯ ಬಾಡಿಗಳಲ್ಲಿ ಉಳಿಸಿಕೊಂಡರು. ಹಾಗಾಗಿ ಡಿ3500ಕ್ಕೆ ಒಳಗೆ ಮೋಟಾರಿಲ್ಲದ ಹಳೆಯ ಮಾದರಿಯ ಡಿ ಲೆನ್ಸು ಸರಿಯಾಗಿ ಕೂರುತ್ತದೆ, ಬೆಳಕನ್ನು ಅಳೆಯುತ್ತದೆ, ಚಿತ್ರವನ್ನೂ ತೆಗೆಯುತ್ತದೆ, ಆದರೆ ಫೋಕಸ್ ಮಾತ್ರ ಕೈಯಿಂದಲೇ ಮಾಡಬೇಕು. ಕಂಪನಿ ಇದನ್ನು ಬಚ್ಚಿಟ್ಟಿಲ್ಲ, ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಅದನ್ನು ಓದಿದ್ದು ಆಟ ಮುಗಿದ ಮರುದಿನ.

ಜೊತೆಗೆ ಬಂದ 18-55 ಎಂಎಂ ಲೆನ್ಸು ಆಟದ ಬೆಳಕಿಗೆ ಸಾಲದು ಎಂಬುದು ಡಿಸೆಂಬರಿನಲ್ಲೇ ಗೊತ್ತಾಗಿತ್ತು. ಆ ಲೆನ್ಸಿನಲ್ಲಿ ದೂರದ್ದನ್ನು ಹತ್ತಿರ ತರುವ 55 ಎಂಎಂಗೆ ಹೋದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕೆ ಕಿರಿದಾಗುತ್ತದೆ; ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಸಣ್ಣದು. ರಂಗಸ್ಥಳದ ಬೆಳಕಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, 3200 ಇಟ್ಟರೂ ನನಗೆ ದೊರೆತ ಶಟರ್ ವೇಗ ಸೆಕೆಂಡಿನ ಮೂವತ್ತನೇ ಒಂದು ಭಾಗ ಮಾತ್ರ. ಅಷ್ಟು ನಿಧಾನಕ್ಕೆ, ಚಂಡೆಯ ಪೆಟ್ಟಿಗೆ ತಿರುಗುವ ವೇಷಧಾರಿಯ ಕೈ ಬರಿಯ ಹೊಗೆಯಾಗಿ ಕಾಣುತ್ತದೆ. ಫ್ಲ್ಯಾಶ್ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಕಲಾವಿದನ ಕಣ್ಣಿಗೆ ಹೊಡೆಯುವ ಬೆಳಕು ಅವನ ಏಕಾಗ್ರತೆಗೆ ಮಾಡುವ ಅಪಚಾರ. ಎಫ್/1.8ರ 50 ಎಂಎಂ ಲೆನ್ಸು ಎಫ್/5.6ಕ್ಕಿಂತ ಹೆಚ್ಚುಕಡಿಮೆ ಹತ್ತುಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅದೇ ಐಎಸ್‌ಒದಲ್ಲಿ ವೇಗ 1/250ನ್ನು ದಾಟುತ್ತದೆ. ಹಾಗಾಗಿ ನನಗೆ ಬೇಕಾದದ್ದು ಯಾವುದು ಎಂಬುದರ ತಿಳಿವಳಿಕೆ ಸರಿಯಾಗಿಯೇ ಇತ್ತು.

ನಿಕಾನ್‌ನಲ್ಲಿ 50 ಎಂಎಂ ಎಫ್/1.8 ಎಂಬ ಹೆಸರಿನ ಎರಡು ಲೆನ್ಸುಗಳು ಆಗ ಮಾರಾಟದಲ್ಲಿದ್ದವು. ಒಂದರ ಕೊನೆಯಲ್ಲಿ ಜಿ ಎಂಬ ಅಕ್ಷರ, ಮುಂದೆ ಎಎಫ್-ಎಸ್ ಎಂಬ ಗುರುತು; ಇನ್ನೊಂದರ ಕೊನೆಯಲ್ಲಿ ಡಿ, ಮುಂದೆ ಬರಿಯ ಎಎಫ್. ಎರಡನೆಯದು ನನಗೆ ಹೇಳಿದ ಬೆಲೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಅಗ್ಗ. ಕ್ಯಾಮೆರಾ ಕೊಂಡ ಮಂಗಳೂರಿನ ಅಂಗಡಿಗೇ ಕರೆ ಮಾಡಿ, ನನ್ನ ಬಾಡಿಯ ಮಾದರಿಯನ್ನು ಹೇಳಿ, ಅಗ್ಗದ ಲೆನ್ಸು ಇದಕ್ಕೆ ಕೂರುತ್ತದೆಯೇ ಎಂದು ಕೇಳಿದೆ. “ಒಂದೇ ಕಂಪನಿಯದ್ದಲ್ವಾ ಸರ್, ಆರಾಮಾಗಿ ಕೂರ್ತದೆ” ಎಂಬ ಉತ್ತರ ಬಂತು. ಅವರು ಹೇಳಿದ್ದು ಅಕ್ಷರಶಃ ನಿಜ. ಆದರೆ ಮೊದಲ ಕ್ಯಾಮೆರಾ ಕೊಂಡ ಗಿರಾಕಿ ಕೂರುತ್ತದೆಯೇ ಎಂದು ಕೇಳಿದಾಗ ಅವನು ತಿಳಿಯಬಯಸುವುದು ಏನನ್ನು ಎಂಬುದು, ದಿನಬೆಳಗಾದರೆ ಇದನ್ನೇ ಮಾರುವವರಿಗೆ ಗೊತ್ತಿಲ್ಲದಿರಲು ಸಾಧ್ಯವಿಲ್ಲ. ಒಂದು ವಾಕ್ಯ ಹೆಚ್ಚಿಗೆ ಹೇಳಿದ್ದರೆ ನಾನು ಹಣ ಕೂಡಿಸಿ ದುಬಾರಿಯದನ್ನೇ ತರಿಸುತ್ತಿದ್ದೆ.

ಲೆನ್ಸು ಬಸ್ಸಿನ ಪಾರ್ಸೆಲ್‌ನಲ್ಲಿ ಆಟದ ದಿನವೇ ಸಂಜೆ ಕೈಸೇರಿತು. ಹಾಕಿ ತಿರುಗಿಸಿದಾಗ ಟಕ್ಕೆಂದು ಕೂತಿತು. ಶಟರ್ ಗುಂಡಿಯನ್ನು ಅರ್ಧ ಒತ್ತಿದೆ; ಏನೂ ಅಲುಗಲಿಲ್ಲ. ಲೆನ್ಸು ಕೆಟ್ಟದ್ದು ಬಂದಿರಬೇಕೆಂದು ಅಂಗಡಿಗೆ ಕರೆ ಮಾಡಿದೆ, ಆ ಹೊತ್ತಿಗೆ ಯಾರೂ ಎತ್ತಲಿಲ್ಲ. ಚೌಕಿಯಲ್ಲಿ ಮಾವ ಆಗಲೇ ಬಣ್ಣಕ್ಕೆ ಕೂತಿದ್ದರು.

ಕೈಯಿಂದ ಫೋಕಸ್ ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹಗಲಿನಲ್ಲಿ, ಕಾಪು ದೀಪಸ್ತಂಭದ ಎದುರು ಸುಮ್ಮನೆ ನಿಂತವರನ್ನು ತೆಗೆಯುವಾಗ ಖಂಡಿತ ಮಾಡಬಹುದು. ಆದರೆ 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದು ಮೂರು ಮೀಟರ್ ದೂರದ ಮುಖವನ್ನು ನೋಡುವಾಗ ಸ್ಪಷ್ಟವಾಗಿ ಮೂಡುವ ಆಳ ಒಂದು ಗೇಣಿಗಿಂತ ಕೊಂಚ ಹೆಚ್ಚು, ಅಷ್ಟೆ. ಕರ್ಣ ಒಂದು ಹೆಜ್ಜೆ ಮುಂದಿಟ್ಟರೆ ಆ ಗೇಣು ದಾಟಿಹೋಯಿತು. ಈ ದರ್ಜೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಚಿಕ್ಕದು, ಅದರೊಳಗೆ ಎಲ್ಲವೂ ವಾಸ್ತವಕ್ಕಿಂತ ಹೆಚ್ಚು ಸ್ಪಷ್ಟವಾಗಿಯೇ ಕಾಣುತ್ತದೆ. ಮೂಲೆಯಲ್ಲಿ ಫೋಕಸ್ ಸರಿಯಾದಾಗ ಹೊತ್ತಿಕೊಳ್ಳುವ ಒಂದು ಹಸಿರು ಚುಕ್ಕೆಯಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಕುಣಿಯುವವರ ಮೇಲೆ ಕಣ್ಣಿಟ್ಟು, ಫೋಕಸ್ ಉಂಗುರ ತಿರುಗಿಸುತ್ತ, ಚುಕ್ಕೆಯನ್ನೂ ನೋಡುವುದು ಮೊದಲ ಬಾರಿಗೆ ಕ್ಯಾಮೆರಾ ಹಿಡಿದವನಿಂದ ಆಗುವ ಕೆಲಸವಲ್ಲ.

ಇದು ಸಾಲದೆಂಬಂತೆ, ನಡುವೆ ಲೆನ್ಸು ಬದಲಿಸಿ ಮತ್ತೆ ಹಾಕುವಾಗ ಕ್ಯಾಮೆರಾದಲ್ಲಿ ಎಫ್ ಇ ಇ ಎಂಬ ಅಕ್ಷರಗಳು ಮಿನುಗತೊಡಗಿ ಗುಂಡಿ ಒತ್ತಿದರೂ ಚಿತ್ರ ಬೀಳದಾಯಿತು. ಡಿ ಲೆನ್ಸಿನ ಮೇಲೆ ಒಂದು ಅಪರ್ಚರ್ ಉಂಗುರವಿರುತ್ತದೆ. ಅದನ್ನು ತೀರ ಸಣ್ಣ ಅಪರ್ಚರಿಗೆ, ಅಂದರೆ ಈ ಲೆನ್ಸಿನಲ್ಲಿ 22ಕ್ಕೆ ತಿರುಗಿಸಿ ಕೀಲಿ ಹಾಕಿರಬೇಕು. ನನ್ನ ಬೆರಳು ತಾಗಿ ಅದು ಕದಲಿತ್ತು. ಕತ್ತಲಲ್ಲಿ ಅದನ್ನು ಹುಡುಕಿ ಸರಿಪಡಿಸುವಷ್ಟರಲ್ಲಿ ಹತ್ತು ನಿಮಿಷ ಕಳೆಯಿತು. ಆ ಹತ್ತು ನಿಮಿಷದಲ್ಲೇ ಕರ್ಣ ರಥದ ಗಾಲಿಯನ್ನು ಎತ್ತಲು ಇಳಿದ. ಬೆಳಿಗ್ಗೆ ಬಣ್ಣ ತೆಗೆಯುತ್ತ ಮಾವ “ಎಂಥಾ ಮಾಣಿ, ಫೋಟೊ ಬಂತಾ?” ಎಂದು ಕೇಳಿದರು. ಬಂದಿದೆ ಎಂದೆ. ಮುಂದಿನ ತಿಂಗಳು ಲಾಕ್‌ಡೌನ್ ಬಂತು; ಅವರು ಮತ್ತೆ ವೇಷ ಮಾಡಲಿಲ್ಲ.

ಲೆನ್ಸು ಹಿಂದಿರುಗಿಸಲು ಹೋದಾಗ, ಪೆಟ್ಟಿಗೆ ತೆರೆದಿದೆ, ಲೆನ್ಸಿನಲ್ಲಿ ದೋಷವಿಲ್ಲ ಎಂದರು. ಕೆಲಸದ ಹುಡುಗನೊಬ್ಬ ನನ್ನ 18-55 ಲೆನ್ಸನ್ನು ಕೈಗೆತ್ತಿಕೊಂಡು, “ಇದು ವಿಆರ್ ಅಲ್ವಲ್ಲ ಸರ್” ಎಂದಾಗ ಎರಡನೆಯ ವಿಷಯ ಬೆಳಕಿಗೆ ಬಂತು. ಕೈನಡುಕವನ್ನು ತಡೆಯುವ ವಿಆರ್ ಎಂಬ ವ್ಯವಸ್ಥೆಯಿರುವ ಲೆನ್ಸು ನನ್ನ ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು, ಒಳಗಿದ್ದದ್ದು ಅದಿಲ್ಲದ ಅಗ್ಗದ ಲೆನ್ಸು. ಎಎಫ್-ಪಿ 18-55ರ ಎರಡೂ ಬಗೆಗಳ ಮೇಲೆ ಸ್ವಿಚ್ಚುಗಳಿಲ್ಲ, ವಿಆರ್ ಇದ್ದರೆ ಕ್ಯಾಮೆರಾದ ಮೆನುವಿನಲ್ಲಿ ಕಾಣಿಸುತ್ತದೆ. ಆದ್ದರಿಂದ ಲೆನ್ಸಿನ ಮೇಲಿನ ಹೆಸರನ್ನು ಅಕ್ಷರ ಬಿಡದೆ ಓದದ ಹೊರತು ಹೊಸಬರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕುಣಿಯುವವರ ಚಲನೆಯನ್ನು ವಿಆರ್ ತಡೆಯಲಾರದು, ಹಾಗಾಗಿ ಆ ರಾತ್ರಿಯ ನಷ್ಟಕ್ಕೆ ಇದು ಕಾರಣವಲ್ಲ. ಆದರೂ ನಾನು ಹಣ ಕೊಟ್ಟದ್ದು ವಿಆರ್ ಲೆನ್ಸಿಗೆ. ನನ್ನ ಕೈಯಲ್ಲಿದ್ದದ್ದು ಬರಿಯ “ಕ್ಯಾಮೆರಾ ಸೆಟ್” ಎಂದು ಬರೆದ ಒಂದು ಚೀಟಿ. ಅದರಲ್ಲಿ ಲೆನ್ಸಿನ ಹೆಸರಾಗಲಿ ಕ್ರಮಸಂಖ್ಯೆಯಾಗಲಿ ಇರಲಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿರುತ್ತದೆ, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಆದರೆ ಯಾವ ಲೆನ್ಸು ಮಾರಿದರು ಎಂದು ತೋರಿಸುವ ಕಾಗದವೇ ಇಲ್ಲದೆ ನಾನು ಏನನ್ನೂ ಸಾಬೀತು ಮಾಡಲಾಗಲಿಲ್ಲ. ಬಾಡಿ ಮತ್ತು ಲೆನ್ಸು ಎರಡರ ಕ್ರಮಸಂಖ್ಯೆಯೂ ಬಿಲ್ಲಿನಲ್ಲಿರಲೇಬೇಕು, ಭಾರತದ ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ನಿಮ್ಮ ಎದುರಿಗೇ ಬೀಳಬೇಕು, ಪೆಟ್ಟಿಗೆಯನ್ನು ಅವರು ತೆರೆಯುವುದಲ್ಲ, ನೀವು ತೆರೆಯಬೇಕು.

ಹಾಗಾದರೆ ಕ್ಯಾನನ್ ಕೊಂಡರೆ ನಿಶ್ಚಿಂತೆಯೇ? ಫೋಕಸ್ ಮೋಟಾರಿನ ವಿಷಯದಲ್ಲಿ ಹೌದು. ಅದರ ಇಒಎಸ್ ವ್ಯವಸ್ಥೆಯ ಯಾವ ಇಎಫ್ ಲೆನ್ಸಾದರೂ 1500ಡಿಯ ಮೇಲೆ ತಾನಾಗಿ ಫೋಕಸ್ ಮಾಡುತ್ತದೆ, 50 ಎಂಎಂ ಎಫ್/1.8 ಎಸ್‌ಟಿಎಂ ಅಂತೂ ಮೊದಲ ಲೆನ್ಸಾಗಿ ಬಹಳ ಒಳ್ಳೆಯ ಆಯ್ಕೆ. ಆದರೆ ಅಲ್ಲಿಯೂ ಹೆಸರು ಹತ್ತಿರವಿದ್ದು ಒಳಗು ಬೇರೆಯಾದ ಸಂಗತಿಗಳಿವೆ. 3000ಡಿ ಕೊಂಚ ಅಗ್ಗಕ್ಕೆ ಸಿಗುತ್ತದೆ ಎಂದು ತೋರಿಸಿದರೆ, ಅದರಲ್ಲಿರುವುದು 18 ಮೆಗಾಪಿಕ್ಸೆಲ್, ಲೆನ್ಸು ಕೂರುವ ಮೌಂಟು ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು ಎಂಬುದನ್ನು ತಿಳಿದಿರಿ. ಕನ್ನಡಕ ಹಾಕುವವರಿಗೆ ವ್ಯೂಫೈಂಡರನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವ ಚಕ್ರವೂ ಅದರಲ್ಲಿಲ್ಲ. 2019ರಲ್ಲಿ ಬಂದ 200ಡಿ ಮಾರ್ಕ್ 2ರಲ್ಲಿ ಫ್ಲ್ಯಾಶ್ ಕೂರಿಸುವ ಜಾಗದ ನಡುವಿನ ಸಂಪರ್ಕ ಬಿಂದುವನ್ನೇ ತೆಗೆದಿದ್ದಾರೆ, ಹಾಗಾಗಿ ಮದುವೆ ಮನೆಗಳಲ್ಲಿ ಬಳಸುವ ಎಷ್ಟೋ ಅಗ್ಗದ ಫ್ಲ್ಯಾಶುಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ. ಗೆಳೆಯರ ಎರಡೂ ಪಕ್ಷಗಳ ವಾದದಲ್ಲಿ ಇಂಥ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಈಗ ಎರಡೂ ಕಂಪನಿಗಳು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ತಿರುಗಿರುವುದರಿಂದ ಮಣಿಪಾಲದಲ್ಲಿ ಓದು ಮುಗಿಸಿ ಹೋಗುವ ವಿದ್ಯಾರ್ಥಿಗಳ ಹಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗಕ್ಕೆ ಸಿಗುತ್ತವೆ. ನಾನು ಮೊದಲೇ ಹೇಳಿದ ಇಬ್ಬರು ಹಾಗೆಯೇ, ಮೋಟಾರಿಲ್ಲದ ಡಿ5300 ಕ್ಯಾಮೆರಾಕ್ಕೆ ಡಿ ಲೆನ್ಸು ಸೇರಿಸಿ ಕೊಳ್ಳಲು ಹೊರಟಿದ್ದರು. ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ, ಆದರೆ ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ತೇವ ಲೆನ್ಸಿನೊಳಗೆ ಬೂಷ್ಟು ಬೆಳೆಸುತ್ತದೆ. ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿದರೆ ಜೇಡರ ಬಲೆಯ ಎಳೆಯಂತೆ ಅದು ಕಾಣುತ್ತದೆ. ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ನಿಕಾನ್ ಆದರೆ ಎದುರಿಗೇ ಒಂದು ಚಿತ್ರ ತೆಗೆಸಿಕೊಂಡು ಬನ್ನಿ, ಶಟರ್ ಎಷ್ಟು ಬಾರಿ ಬಿದ್ದಿದೆ ಎಂಬುದು ಆ ಕಡತದೊಳಗೇ ದಾಖಲಾಗಿರುತ್ತದೆ; ಡಿ3500ರ ಶಟರನ್ನು ಒಂದು ಲಕ್ಷ ಬಾರಿಯವರೆಗೆ ಪರೀಕ್ಷಿಸಿದ್ದೇವೆ ಎಂದು ಕಂಪನಿ ಹೇಳುತ್ತದೆ. ಮುಂದೆ ಮಿರರ್‌ಲೆಸ್‌ಗೆ ಹೋಗುವ ಯೋಚನೆಯಿದ್ದವರು ಇನ್ನೊಂದನ್ನು ಗಮನಿಸಬೇಕು. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಕ್ಯಾನನ್‌ನ ಅಡಾಪ್ಟರಿನಲ್ಲಿ ಇಎಫ್ ಲೆನ್ಸುಗಳು ಮೊದಲಿನಂತೆಯೇ ಫೋಕಸ್ ಮಾಡುತ್ತವೆ, ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಮೋಟಾರಿಲ್ಲ, ಆದ್ದರಿಂದ ಡಿ ಲೆನ್ಸು ಅಲ್ಲಿಯೂ ಕೈಯಿಂದಲೇ ಆಗಬೇಕು.

ಅಂಗಡಿಯಲ್ಲಾಗಲಿ ಪರಿಚಯದವರ ಮನೆಯಲ್ಲಾಗಲಿ ಲೆನ್ಸನ್ನು ತಿರುಗಿಸಿ ಅದರ ಬೆನ್ನು ನೋಡಿ. ಲೋಹದ ಬಳೆಯ ಅಂಚಿನಲ್ಲಿ ಸ್ಕ್ರೂವಿನ ತಲೆಯಂತೆ ಸೀಳಿರುವ ಒಂದು ಸಣ್ಣ ಗುಂಡಿ ಕಂಡರೆ, ಅದನ್ನು ತಿರುಗಿಸುವ ಕಡ್ಡಿ ನಿಮ್ಮ ಬಾಡಿಯ ಮೌಂಟಿನಲ್ಲಿದೆಯೇ ಎಂದು ಹುಡುಕಿ. ಆಮೇಲೆ ಆ ಲೆನ್ಸನ್ನು ಅದೇ ಕ್ಯಾಮೆರಾಕ್ಕೆ ಹಾಕಿ, ಕೋಣೆಯ ಮಬ್ಬು ಮೂಲೆಗೆ ಹಿಡಿದು, ಗುಂಡಿಯನ್ನು ಅರ್ಧ ಒತ್ತಿ ನೋಡಿ.

ನನ್ನ ಲೆನ್ಸನ್ನು ಮರುವರ್ಷ ಡಿ7200 ಇರುವ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಅವರು ಅದನ್ನು ಹಾಕಿ ಗುಂಡಿ ಒತ್ತಿದೊಡನೆ ಬಾಡಿಯ ಮೋಟಾರು ಕಿರ್ರೆಂದು ತಿರುಗಿ ಎದುರಿಗಿದ್ದ ಕ್ಯಾಲೆಂಡರಿನ ಅಂಕಿಗಳು ಒಮ್ಮೆಲೇ ಸ್ಪಷ್ಟವಾದವು. ಈಗ ಅವರು ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ಹುಲಿವೇಷಗಳನ್ನು ಅದರಲ್ಲೇ ತೆಗೆಯುತ್ತಾರೆ.